ಹಳೆಯ ಮೋಟಾರು ಸೈಕಲಿನ ಸವೆದ ಬ್ರೇಕು: ಪರೀಕ್ಷೆ ಮತ್ತು ದುರಸ್ತಿ

ಓಡುವುದು ವಾಹನದ ಗುಣವೆಂಬುದನ್ನು ಎಲ್ಲರೂ ಬಲ್ಲರು. ಬೇಕಾದಾಗ, ಬೇಕಾದೆಡೆಯಲ್ಲಿ ನಿಲ್ಲುವುದೂ ಅದರ ಗುಣವೇ ಎಂಬುದು ಬಹುಮಂದಿಗೆ ನೆನಪಾಗುವುದು ಅಪಾಯವು ಕಣ್ಣೆದುರಿಗೆ ಬಂದು ನಿಂತಾಗ ಮಾತ್ರ. ಹಳೆಯ ಮೋಟಾರು ಸೈಕಲನ್ನು ಕೊಳ್ಳಹೋದವನು ಮೊದಲು ಎಂಜಿನ್ನಿನ ಸದ್ದನ್ನು ಆಲಿಸುತ್ತಾನೆ, ಬಣ್ಣವನ್ನು ನೋಡುತ್ತಾನೆ, ಟೈರನ್ನು ಒತ್ತಿ ನೋಡುತ್ತಾನೆ, ಒಂದು ಲೀಟರಿಗೆ ಎಷ್ಟು ದೂರ ಓಡುವುದೆಂದು ವಿಚಾರಿಸುತ್ತಾನೆ. ಬ್ರೇಕಿನ ಹಿಡಿಯನ್ನು ಒಮ್ಮೆ ಅದುಮಿದಾಗ ಗಾಡಿ ನಿಂತಿತೆಂದರೆ ಅಷ್ಟಕ್ಕೇ ತೃಪ್ತನಾಗುತ್ತಾನೆ. ಮರುದಿನವೇ ಮಗುವನ್ನು ಮುಂದೆಯೂ ಮಡದಿಯನ್ನು ಹಿಂದೆಯೂ ಕುಳ್ಳಿರಿಸಿಕೊಂಡು ಜಾತ್ರೆಗೋ ಸಂತೆಗೋ ಹೊರಡುತ್ತಾನೆ. ಅವರ ಪ್ರಾಣವೆಲ್ಲ ಚಕ್ರದೊಳಗೆ ಅಡಗಿರುವ ಎರಡು ಸಣ್ಣ ಪಟ್ಟಿಗಳನ್ನು ನಂಬಿಕೊಂಡಿದೆಯೆಂಬುದು ಅವನ ಅರಿವಿಗೆ ಬಂದಿರುವುದಿಲ್ಲ.

ಬ್ರೇಕಿನ ಸವೆತಕ್ಕೆ ಒಂದು ವಿಶೇಷ ಸ್ವಭಾವವಿದೆ. ಅದು ಒಂದೇ ದಿನದಲ್ಲಿ ಆಗುವುದಲ್ಲ. ದಿನದಿನಕ್ಕೆ ಕೂದಲೆಳೆಯಷ್ಟು ಸವೆಯುತ್ತದೆ. ಸವಾರನ ಕೈಕಾಲುಗಳೂ ಅದಕ್ಕೆ ತಕ್ಕಂತೆ ಒಗ್ಗಿಕೊಳ್ಳುತ್ತ ಹೋಗುತ್ತವೆ. ನಿನ್ನೆ ಒತ್ತಿದ್ದಕ್ಕಿಂತ ಇಂದು ತುಸು ಹೆಚ್ಚು ಒತ್ತುತ್ತಿರುವೆನೆಂಬ ಎಚ್ಚರ ಅವನಿಗಿರುವುದಿಲ್ಲ. ಹಿಡಿಯು ತೀರ ಸಡಿಲವಾದಂತೆ ಕಂಡರೆ ಹೊರಗಿನ ನಟ್ಟನ್ನು ಎರಡು ಸುತ್ತು ಬಿಗಿಯುತ್ತಾನೆ. ಹಿಡಿಯು ಮೊದಲಿನಂತೆ ಗಟ್ಟಿಯಾಗುತ್ತದೆ. ಇದನ್ನೇ ಅವನು ದುರಸ್ತಿಯೆಂದು ಬಗೆಯುತ್ತಾನೆ. ವಾಸ್ತವವಾಗಿ ನಟ್ಟನ್ನು ಬಿಗಿಯುವುದರಿಂದ ಸವೆತವು ಕಣ್ಮರೆಯಾಗುವುದೇ ಹೊರತು ಇಲ್ಲವಾಗುವುದಿಲ್ಲ. ಹಳೆಯ ಗಾಡಿಯನ್ನು ಕೊಂಡವನು ಹಿಂದಿನ ಒಡೆಯನ ಇಂತಹ ಎಷ್ಟೋ ಬಿಗಿತಗಳನ್ನು ಗಾಡಿಯೊಡನೆಯೇ ಕೊಂಡಿರುತ್ತಾನೆ. ಆದುದರಿಂದ ಹಳೆಯ ವಾಹನವು ಕೈಗೆ ಬಂದೊಡನೆ, ಬ್ರೇಕು ಹಿಡಿಯುತ್ತಿರಲಿ ಹಿಡಿಯದಿರಲಿ, ಚಕ್ರವನ್ನು ಬಿಚ್ಚಿ ಒಳಗನ್ನು ಕಣ್ಣಾರೆ ಕಾಣುವುದೇ ಮೊದಲ ಕರ್ತವ್ಯ.

ಮೈಸೂರಿನ ಒಂದು ನಿದರ್ಶನ

ಈ ವಿಷಯವನ್ನು ವಿವರಿಸಲು ಕನ್ನಡ ನಾಡಿನಲ್ಲೇ ಹುಟ್ಟಿದ ಒಂದು ವಾಹನವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಜೆಕೊಸ್ಲೊವಾಕಿಯಾ ದೇಶದಲ್ಲಿ ೧೯೨೯ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತನು ಆರಂಭಿಸಿದ ಸಂಸ್ಥೆಯೇ ಜಾವಾ. ಅವನ ಹೆಸರಿನ ಮೊದಲ ಅಕ್ಷರಗಳನ್ನೂ ‘ವಾಂಡರರ್’ ಎಂಬ ಜರ್ಮನ್ ವಾಹನದ ಹೆಸರಿನ ಮೊದಲ ಅಕ್ಷರಗಳನ್ನೂ ಕೂಡಿಸಿದುದರಿಂದ ಈ ಪದವು ಸಿದ್ಧಿಸಿತು. ಆ ಸಂಸ್ಥೆಯ ವಿನ್ಯಾಸವನ್ನು ಆಧರಿಸಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು ೧೯೬೧ರಲ್ಲಿ ಮೋಟಾರು ಸೈಕಲುಗಳ ತಯಾರಿಕೆಯನ್ನು ತೊಡಗಿತು. ಎಪ್ಪತ್ತರ ದಶಕದಲ್ಲಿ ಅದರ ವಾಹನಗಳು ‘ಯೆಜ್ಡಿ’ ಎಂಬ ಹೆಸರನ್ನು ಪಡೆದುವು. ೧೯೯೬ರಲ್ಲಿ ಆ ಕಾರ್ಖಾನೆ ಮುಚ್ಚಿಹೋಯಿತು. ಜಾವಾ ಹೆಸರು ೨೦೧೮ರಲ್ಲಿಯೂ ಯೆಜ್ಡಿ ಹೆಸರು ೨೦೨೨ರಲ್ಲಿಯೂ ಬೇರೊಂದು ಸಂಸ್ಥೆಯ ಹೊಸ ವಾಹನಗಳ ಮೇಲೆ ಮರಳಿ ಬಂದಿವೆಯಾದರೂ ಮೈಸೂರಿನ ಆ ಹಳೆಯ ಗಾಡಿಗಳಲ್ಲಿ ೧೯೯೬ಕ್ಕಿಂತ ಈಚಿನದು ಒಂದೂ ಇರದು. ಕೈಯಿಂದ ಕೈಗೆ ಬದಲಾಗುತ್ತ ಇಂದಿಗೂ ಓಡುತ್ತಿರುವ ಆ ವಾಹನಗಳ ಮುಂದಿನ ಹಿಂದಿನ ಎರಡು ಚಕ್ರಗಳಲ್ಲಿಯೂ ಇರುವುದು ಡ್ರಮ್ ಬ್ರೇಕು. ಇಲ್ಲಿ ಹೇಳುವ ಕ್ರಮವು ಸ್ವಲ್ಪ ವ್ಯತ್ಯಾಸದೊಡನೆ ಡ್ರಮ್ ಬ್ರೇಕುಳ್ಳ ಇತರ ಹಳೆಯ ಗಾಡಿಗಳಿಗೂ ಅನ್ವಯಿಸುತ್ತದೆ.

ತಡೆಯ ತತ್ತ್ವ

ಚಕ್ರದ ನಡುವಿನ ಹಬ್ಬಿನೊಳಗೆ ಡಬರಿಯ ಆಕಾರದ ಒಂದು ಟೊಳ್ಳು ಉಂಟು. ಅದೇ ಡ್ರಮ್, ಅದು ಚಕ್ರದೊಡನೆ ತಿರುಗುತ್ತದೆ. ಅದರ ಬಾಯಿಯನ್ನು ಮುಚ್ಚುವ ಬ್ರೇಕ್ ಪ್ಲೇಟು ತಿರುಗುವುದಿಲ್ಲ. ಈ ಪ್ಲೇಟಿನ ಮೇಲೆ ಅರ್ಧಚಂದ್ರಾಕಾರದ ಎರಡು ಶೂಗಳು ಎದುರುಬದುರಾಗಿ ಕುಳಿತಿರುತ್ತವೆ. ಅವುಗಳ ಬೆನ್ನಿಗೆ ಘರ್ಷಣೆಯನ್ನು ತಾಳುವ ಲೈನಿಂಗನ್ನು ಅಂಟಿಸಿರುತ್ತಾರೆ, ಇಲ್ಲವೆ ರಿವೆಟ್ಟಿನಿಂದ ಬಡಿದಿರುತ್ತಾರೆ. ಶೂಗಳ ಒಂದು ತುದಿ ನೆಲೆಗಂಬದ ಮೇಲೆ ಒರಗಿರುತ್ತದೆ; ಇನ್ನೊಂದು ತುದಿಗಳ ನಡುವೆ ಕ್ಯಾಮ್ ಎಂಬ ಚಪ್ಪಟೆಯಾದ ಉಕ್ಕಿನ ತುಂಡು ಇರುತ್ತದೆ. ಸವಾರನು ಹಿಡಿಯನ್ನು ಅದುಮಿದಾಗ ಕೇಬಲು ಹೊರಗಿನ ತೋಳನ್ನು ಎಳೆಯುತ್ತದೆ; ತೋಳು ಕ್ಯಾಮನ್ನು ತಿರುಗಿಸುತ್ತದೆ; ಕ್ಯಾಮು ಶೂಗಳನ್ನು ಅಗಲಿಸಿ ಡ್ರಮ್ಮಿನ ಒಳಗೋಡೆಗೆ ಒತ್ತುತ್ತದೆ. ಕೈಬಿಟ್ಟೊಡನೆ ಸ್ಪ್ರಿಂಗುಗಳು ಶೂಗಳನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತವೆ.

ಇಲ್ಲಿ ನಡೆಯುವ ಕಾರ್ಯವಾದರೂ ಏನು? ಚಲನೆಯ ಶಕ್ತಿಯು ಘರ್ಷಣೆಯಿಂದ ಶಾಖವಾಗಿ ಮಾರ್ಪಡುತ್ತದೆ. ಗಾಡಿಯೂ ಇಬ್ಬರು ಸವಾರರೂ ಸೇರಿ ೨೭೦ ಕಿಲೋಗ್ರಾಂ ತೂಗುವರೆಂದಿಟ್ಟುಕೊಳ್ಳೋಣ. ಗಂಟೆಗೆ ೪೦ ಕಿಲೋಮೀಟರ್ ವೇಗದಲ್ಲಿ ಅವರ ಚಲನಶಕ್ತಿ ಸುಮಾರು ೧೬,೭೦೦ ಜೂಲ್. ವೇಗವು ೮೦ಕ್ಕೆ ಏರಿದರೆ ಶಕ್ತಿಯು ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಇಳಿಜಾರಿನಲ್ಲಿ ಈ ಹೊರೆ ಇನ್ನೂ ಹೆಚ್ಚು. ಚಾಮುಂಡಿ ಬೆಟ್ಟವು ಮೈಸೂರು ನಗರಕ್ಕಿಂತ ಸುಮಾರು ೩೦೦ ಮೀಟರ್ ಎತ್ತರದಲ್ಲಿದೆ. ಬೆಟ್ಟದ ಮೇಲಿನಿಂದ ಇದೇ ಭಾರದ ಗಾಡಿ ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು ೭,೯೦,೦೦೦ ಜೂಲ್. ಎಂದರೆ ೪೦ರ ವೇಗದಿಂದ ಸುಮಾರು ೪೮ ಬಾರಿ ಪೂರ್ತಿ ನಿಲ್ಲಿಸಿದುದಕ್ಕೆ ಸಮ. ಇದರಲ್ಲಿ ಒಂದಂಶವನ್ನು ಗಾಳಿಯೂ ಟೈರೂ ಎಂಜಿನ್ನೂ ಹೀರಿಕೊಳ್ಳುತ್ತವೆ. ಉಳಿದುದನ್ನೆಲ್ಲ ಬ್ರೇಕೇ ತಾಳಬೇಕು. ಯೆಜ್ಡಿಯಂತಹ ಎರಡು ಹೊಡೆತದ ಎಂಜಿನ್ನು ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದಿಡುವುದು ಅಲ್ಪವಾದುದರಿಂದ ಅಲ್ಲಿ ಬ್ರೇಕಿನ ಮೇಲಣ ಹೊಣೆ ಮತ್ತಷ್ಟು ಹೆಚ್ಚು. ಕಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಅತಿಯಾಗಿ ಕಾದ ಲೈನಿಂಗಿನ ಹಿಡಿತವೂ ಕುಗ್ಗುತ್ತದೆ. ಬೆಟ್ಟದ ಮೇಲೆ ಚೆನ್ನಾಗಿ ಹಿಡಿಯುತ್ತಿದ್ದ ಬ್ರೇಕು ಬುಡಕ್ಕೆ ಬರುವಷ್ಟರಲ್ಲಿ ಸೋಲುವುದು ಈ ಕಾರಣದಿಂದ.

ಹಿಡಿತವು ಕುಗ್ಗಿದುದರ ಫಲವನ್ನು ಅಳತೆಯಲ್ಲಿ ಕಾಣಬಹುದು. ಒಳ್ಳೆಯ ಬ್ರೇಕು ಒಣರಸ್ತೆಯಲ್ಲಿ ಗಾಡಿಯ ವೇಗವನ್ನು ಪ್ರತಿ ಸೆಕೆಂಡಿಗೆ ೫ ಮೀಟರಿನಂತೆ ತಗ್ಗಿಸುವುದೆಂದು ಭಾವಿಸಿದರೆ, ೪೦ರ ವೇಗದಲ್ಲಿರುವ ಗಾಡಿ ಬ್ರೇಕು ಹಿಡಿದ ಮೇಲೆ ಸುಮಾರು ೧೨ ಮೀಟರಿನಲ್ಲಿ ನಿಲ್ಲುತ್ತದೆ. ಹಿಡಿತವು ಅರ್ಧಕ್ಕಿಳಿದರೆ ೨೫ ಮೀಟರ್ ಬೇಕು. ಇದಲ್ಲದೆ ಅಪಾಯವನ್ನು ಕಂಡು ಕೈಯು ಹಿಡಿಯನ್ನು ಅದುಮುವಷ್ಟರಲ್ಲಿ ಒಂದು ಸೆಕೆಂಡು ಕಳೆದರೆ ೧೧ ಮೀಟರ್ ಸಾಗಿರುತ್ತದೆ. ಓಣಿಯಿಂದ ಚೆಂಡಿನ ಹಿಂದೆ ಓಡಿಬಂದ ಮಗುವಿಗೆ ಆ ಹದಿಮೂರು ಮೀಟರುಗಳ ಅಂತರವೇ ಜೀವನ್ಮರಣಗಳ ಅಂತರ.

ಸವೆತದ ಲಕ್ಷಣಗಳು

ಒಳಗಿನ ರೋಗಕ್ಕೆ ಹೊರಗೆ ಕೆಲವು ಚಿಹ್ನೆಗಳಿವೆ. ಬ್ರೇಕನ್ನು ಪೂರ್ತಿ ಅದುಮಿದಾಗ ಹೊರಗಿನ ತೋಳಿಗೂ ಕೇಬಲಿಗೂ ನಡುವೆ ಹೆಚ್ಚುಕಡಿಮೆ ಲಂಬಕೋನವಿರಬೇಕು. ಆಗಲೇ ಎಳೆತವು ಪೂರ್ಣ ಫಲವನ್ನು ಕೊಡುತ್ತದೆ. ತೋಳು ಆ ಕೋನವನ್ನು ದಾಟಿ ಮುಂದಕ್ಕೆ ವಾಲಿದ್ದರೆ ಶೂಗಳು ಬಹಳ ಸವೆದಿವೆಯೆಂದೇ ತಿಳಿಯಬೇಕು. ಕೆಲವರು ತೋಳನ್ನು ಕಳಚಿ ಹಲ್ಲು ಬದಲಿಸಿ ಹಿಂದಕ್ಕೆ ಕೂರಿಸಿಬಿಡುತ್ತಾರೆ. ಇದು ಅಪಾಯಕರ. ಅತಿಯಾಗಿ ಸವೆದ ಶೂಗಳ ನಡುವೆ ಕ್ಯಾಮು ಮಿತಿಮೀರಿ ತಿರುಗಿ ಅಡ್ಡಲಾಗಿ ಸಿಕ್ಕಿಕೊಂಡರೆ ಕೈಬಿಟ್ಟರೂ ಬ್ರೇಕು ಬಿಡದೆ ಓಡುವ ಚಕ್ರವೇ ಕಚ್ಚಿಕೊಳ್ಳಬಹುದು.

ಬ್ರೇಕು ಹಿಡಿದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಕರ್ಕಶ ಸದ್ದು ಕೇಳಿದರೆ ಲೈನಿಂಗು ಮುಗಿದು ರಿವೆಟ್ಟಿನ ತಲೆ ಡ್ರಮ್ಮನ್ನು ಗೀರುತ್ತಿದೆಯೆಂದು ಅರ್ಥ. ಹಿಡಿಯು ಬೆರಳುಗಳಡಿಯಲ್ಲಿ ಮಿಡಿದಂತೆ ಏರಿಳಿದರೆ ಡ್ರಮ್ಮು ತನ್ನ ವೃತ್ತಾಕಾರವನ್ನು ಕಳೆದುಕೊಂಡು ಕೋಳಿಮೊಟ್ಟೆಯಂತಾಗಿದೆ. ಹಿಡಿ ಮೆತ್ತಗಿದ್ದು ಎಷ್ಟು ಅದುಮಿದರೂ ಹಿಡಿತ ಬಾರದಿದ್ದರೆ ಕೇಬಲು ಹಿಗ್ಗಿರಬಹುದು, ಇಲ್ಲವೆ ಶೂಗಳು ಡ್ರಮ್ಮಿಗೆ ಪೂರ್ತಿ ತಾಗದೆ ಇರಬಹುದು. ಲೈನಿಂಗು ದಪ್ಪವಾಗಿದ್ದೂ ಬ್ರೇಕು ಜಾರಿದರೆ ಒಳಗೆ ಗ್ರೀಸಾಗಲಿ ಎಣ್ಣೆಯಾಗಲಿ ಇಳಿದಿದೆಯೆಂದು ಶಂಕಿಸತಕ್ಕದ್ದು.

ಬಿಚ್ಚುವ ಕ್ರಮ ಮತ್ತು ಧೂಳಿನ ಎಚ್ಚರ

ಗಾಡಿಯನ್ನು ಸಮನೆಲದಲ್ಲಿ ನಡುಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಬೇಕು. ಬ್ರೇಕಿನ ಕೇಬಲನ್ನು ಸಡಿಲಿಸಿ ಕಳಚಿ, ಬಿಚ್ಚಿದ ನಟ್ಟು ವಾಷರುಗಳನ್ನು ಬಿಚ್ಚಿದ ಅನುಕ್ರಮದಲ್ಲಿಯೇ ಒಂದು ತಟ್ಟೆಯಲ್ಲಿ ಇರಿಸಿದರೆ ಜೋಡಿಸುವಾಗ ಗೊಂದಲವಾಗದು. ಮೈಸೂರಿನ ಹಳೆಯ ಗಾಡಿಗಳಲ್ಲಿ ಒಂದು ಅನುಕೂಲವಿದೆ: ಹಿಂದಿನ ಚಕ್ರದ ಅಚ್ಚನ್ನು ಎಳೆದರೆ ಚಕ್ರ ಮಾತ್ರ ಹೊರಬರುತ್ತದೆ, ಚೈನೂ ಅದರ ಹಲ್ಲುಚಕ್ರವೂ ತಮ್ಮ ಮುಚ್ಚಿದ ಪೆಟ್ಟಿಗೆಯಲ್ಲಿಯೇ ಉಳಿಯುತ್ತವೆ.

ಬ್ರೇಕ್ ಪ್ಲೇಟನ್ನು ಎತ್ತಿದೊಡನೆ ಒಳಗೆ ಕಪ್ಪಾದ ನುಣ್ಣನೆಯ ಧೂಳು ಕಾಣುತ್ತದೆ. ಹಿಂದಿನ ಕಾಲದ ಲೈನಿಂಗುಗಳಲ್ಲಿ ಶಾಖವನ್ನು ತಾಳುವ ಕಲ್ನಾರನ್ನು ಬಳಸುತ್ತಿದ್ದರು. ಅದರ ಸೂಕ್ಷ್ಮ ಎಳೆಗಳು ಉಸಿರಿನೊಡನೆ ಶ್ವಾಸಕೋಶವನ್ನು ಸೇರಿದರೆ ಹತ್ತಾರು ವರ್ಷಗಳ ತರುವಾಯ ಕ್ಯಾನ್ಸರ್ ರೋಗವನ್ನು ತರಬಲ್ಲವೆಂಬುದು ಈಗ ನಿರ್ವಿವಾದವಾಗಿದೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ. ಬಾಯಿಂದ ಊದಿ ಅಥವಾ ಗಾಳಿಯ ಪಂಪಿನಿಂದ ಹಾರಿಸಿ ಡ್ರಮ್ಮನ್ನು ಚೊಕ್ಕಟಗೊಳಿಸುವ ರೂಢಿ ಗ್ಯಾರೇಜುಗಳಲ್ಲಿ ಉಂಟು. ಈ ರೂಢಿಯನ್ನು ಬಿಡಲೇಬೇಕು. ಧೂಳನ್ನು ಸಾಬೂನು ನೀರಿನಿಂದ ಮೊದಲು ನೆನೆಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಒದ್ದೆಯಿರುವಾಗಲೇ ಚೀಲದೊಳಗೆ ಕಟ್ಟಿ ಬಿಸಾಡಬೇಕು. ಒಣಗಿದ ಧೂಳನ್ನು ಗುಡಿಸಕೂಡದು. ಮಕ್ಕಳನ್ನು ಹತ್ತಿರಕ್ಕೆ ಬಿಡಕೂಡದು. ಕಲ್ನಾರಿಲ್ಲದ ಲೈನಿಂಗುಗಳು ಇಂದು ದೊರೆಯುವುದರಿಂದ ಕೊಳ್ಳುವಾಗ ಅವನ್ನೇ ಕೇಳಿ ಪಡೆಯತಕ್ಕದ್ದು. ಅಂಗಡಿಯ ಅಟ್ಟದ ಮೇಲೆ ದಶಕಗಳಿಂದ ಉಳಿದ ‘ಅಸಲು’ ಶೂಗಳಿಗೆ ಮರುಳಾಗಬಾರದು.

ಒಂದೊಂದು ಅಂಗದ ಪರೀಕ್ಷೆ

ಮೊದಲನೆಯದು ಲೈನಿಂಗು. ರಿವೆಟ್ಟಿನದಾದರೆ ರಿವೆಟ್ಟಿನ ತಲೆಯು ಲೈನಿಂಗಿನ ಮೈಯಿಂದ ಸಾಕಷ್ಟು ಆಳದಲ್ಲಿರಬೇಕು. ಅಂಟಿಸಿದುದಾದರೆ ತಯಾರಕರು ಹೇಳಿದ ಕನಿಷ್ಠ ದಪ್ಪಕ್ಕಿಂತ ಕಡಿಮೆಯಿರಬಾರದು. ಅನೇಕ ಗಾಡಿಗಳಿಗೆ ಈ ಮಿತಿ ೨ ಮಿಲಿಮೀಟರ್. ದಪ್ಪವಿದ್ದೂ ಮೈಯು ಗಾಜಿನಂತೆ ಹೊಳೆಯುತ್ತಿದ್ದರೆ ಒದ್ದೆ ಮಾಡಿದ ಉಪ್ಪುಕಾಗದದಿಂದ ಮೆಲ್ಲನೆ ಉಜ್ಜಿ ಆ ಹೊಳಪನ್ನು ತೆಗೆಯಬಹುದು. ಹಳೆಯ ಲೈನಿಂಗು ಕಲ್ನಾರಿನದೆಂಬ ಶಂಕೆಯಿದ್ದರೆ ಉಜ್ಜುವ ಗೋಜಿಗೆ ಹೋಗದೆ ಬದಲಿಸುವುದೇ ಲೇಸು. ಎಣ್ಣೆ ಹೀರಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿಗೆ ಹಿಡಿದು ಒಣಗಿಸಿ ಮತ್ತೆ ಬಳಸುವವರುಂಟು. ಮೇಲ್ಮೈ ಒಣಗಿದಂತೆ ತೋರಿದರೂ ಕಾದಾಗ ಒಳಗಿನ ಎಣ್ಣೆ ಮತ್ತೆ ಹೊರಸೂಸುವುದರಿಂದ ಈ ಉಳಿತಾಯ ಹುಸಿಯಾದುದು. ಅಂತಹುದನ್ನು ಬದಲಿಸಿ, ಎಣ್ಣೆ ಬಂದ ದಾರಿಯಾದ ಬೇರಿಂಗಿನ ಸೀಲನ್ನೂ ಬದಲಿಸಬೇಕು. ಎರಡು ಶೂಗಳಲ್ಲಿ ಒಂದನ್ನು ಮಾತ್ರ ಎಂದಿಗೂ ಬದಲಿಸಬಾರದು.

ಎರಡನೆಯದು ಡ್ರಮ್ಮು. ಉಗುರಿಗೆ ಸಿಕ್ಕುವಷ್ಟು ಆಳವಾದ ಗೀರುಗಳಿದ್ದರೆ, ಇಲ್ಲವೆ ಅದು ಮೊಟ್ಟೆಯಾಕಾರ ತಾಳಿದ್ದರೆ ಲೇತಿನಲ್ಲಿ ಕಡೆಸಬೇಕು. ಈ ಕೆಲಸವನ್ನು ಕಡ್ಡಿಗಳನ್ನು ಬಿಗಿದ ಪೂರ್ಣ ಚಕ್ರದಲ್ಲಿಯೇ ಮಾಡಿಸುವುದು ಯುಕ್ತ. ಏಕೆಂದರೆ ಕಡ್ಡಿಗಳ ಎಳೆತವೇ ಹಬ್ಬನ್ನು ತುಸು ಸೊಟ್ಟಗಾಗಿಸುತ್ತದೆ. ತಯಾರಕರು ಹೇಳಿದ ಗರಿಷ್ಠ ವ್ಯಾಸವನ್ನು ಮೀರಿ ಕಡೆದರೆ ಡ್ರಮ್ಮು ತೆಳುವಾಗಿ ಬಿರಿಯುವ ಭಯವುಂಟು. ಬಿರುಕು ಕಂಡ ಡ್ರಮ್ಮಿಗೆ ಬದಲಾವಣೆಯೊಂದೇ ದಾರಿ.

ಮೂರನೆಯದು ಕ್ಯಾಮು ಮತ್ತು ಸ್ಪ್ರಿಂಗು. ಕ್ಯಾಮಿನ ಕಾಂಡವು ತನ್ನ ತೂತಿನಲ್ಲಿ ಅಲುಗಾಡದೆ ಸರಾಗವಾಗಿ ತಿರುಗಬೇಕು. ಅದಕ್ಕೆ ಶಾಖವನ್ನು ತಾಳುವ ಗ್ರೀಸನ್ನು ಬೆರಳ ತುದಿಯಷ್ಟು ಮಾತ್ರ ಸವರಬೇಕು. ಒಳ್ಳೆಯದೆಂದು ಹೆಚ್ಚು ಸವರಿದರೆ ಅದೇ ಕರಗಿ ಲೈನಿಂಗಿಗೆ ಇಳಿಯುತ್ತದೆ. ಹಿಗ್ಗಿದ, ತುಕ್ಕು ತಿಂದ ಸ್ಪ್ರಿಂಗುಗಳನ್ನು ಶೂಗಳೊಡನೆಯೇ ಬದಲಿಸಬೇಕು.

ನಾಲ್ಕನೆಯದು ಕೇಬಲು. ಅದರ ತುದಿಯ ನಿಪ್ಪಲಿನ ಬಳಿ ಒಂದು ಎಳೆ ತುಂಡಾಗಿದ್ದರೂ ಇಡೀ ಕೇಬಲನ್ನು ಬದಲಿಸಬೇಕು. ಉಳಿದ ಎಳೆಗಳು ತುಂಡಾಗುವುದು ಬಲವಾಗಿ ಅದುಮಿದಾಗಲೇ. ಬಲವಾಗಿ ಅದುಮುವ ಪ್ರಸಂಗ ಬರುವುದು ಪ್ರಾಣಸಂಕಟದಲ್ಲಿಯೇ.

ಹೊಂದಿಕೆ ಮತ್ತು ಮರುಜೋಡಣೆ

ಹೊಸ ಶೂಗಳನ್ನು ಕೂರಿಸಿದ ಮಾತ್ರಕ್ಕೆ ಕಾರ್ಯವು ಮುಗಿಯಲಿಲ್ಲ. ಕಡೆಸಿ ಅಗಲವಾದ ಡ್ರಮ್ಮಿನಲ್ಲಿ ಸಾಮಾನ್ಯ ಅಳತೆಯ ಶೂಗಳನ್ನಿಟ್ಟರೆ ಅವು ನಡುವೆ ಮಾತ್ರ ತಾಗುತ್ತವೆ. ಎರಡು ತುದಿಗಳೂ ಗಾಳಿಯಲ್ಲಿಯೇ ಉಳಿಯುತ್ತವೆ. ಇದನ್ನು ಪರೀಕ್ಷಿಸುವ ವಿಧಾನ ಸುಲಭ. ಡ್ರಮ್ಮಿನ ಒಳಮೈಗೆ ಸೀಮೆಸುಣ್ಣವನ್ನು ಬಳಿದು, ಶೂಗಳನ್ನು ಜೋಡಿಸಿ, ಬ್ರೇಕನ್ನು ಹಗುರವಾಗಿ ಹಿಡಿದು ಚಕ್ರವನ್ನು ಒಂದು ಸುತ್ತು ತಿರುಗಿಸಬೇಕು. ಲೈನಿಂಗಿನಲ್ಲಿ ಸುಣ್ಣ ಹತ್ತಿದ ಭಾಗವೇ ತಾಗುತ್ತಿರುವ ಭಾಗ. ಅದು ಅಲ್ಪವಾಗಿದ್ದರೆ ದಪ್ಪನಾದ ಲೈನಿಂಗು ಹಾಕಿಸಿ, ಡ್ರಮ್ಮಿನ ಅಳತೆಗೆ ಸರಿಯಾಗಿ ಲೇತಿನಲ್ಲಿ ಕಡೆಸತಕ್ಕದ್ದು. ಲೈನಿಂಗಿನ ಚೂಪಾದ ತುದಿಯಂಚುಗಳನ್ನು ಅರದಿಂದ ತುಸು ಇಳಿಜಾರು ಮಾಡಿದರೆ ಬ್ರೇಕು ತಟ್ಟನೆ ಕಚ್ಚುವುದೂ ಕಿರುಗುಟ್ಟುವುದೂ ತಪ್ಪುತ್ತದೆ. ಲೈನಿಂಗಿನ ಮೈಯನ್ನು ಜಿಡ್ಡಾದ ಕೈಯಿಂದ ಮುಟ್ಟಬಾರದು.

ಚಕ್ರವನ್ನು ಮರಳಿ ಏರಿಸುವಾಗ ಬಲ್ಲ ಮೇಸ್ತ್ರಿಗಳು ಒಂದು ಉಪಾಯವನ್ನು ಅನುಸರಿಸುತ್ತಾರೆ. ಅಚ್ಚಿನ ನಟ್ಟನ್ನು ಪೂರ್ತಿ ಬಿಗಿಯುವ ಮೊದಲು ಚಕ್ರವನ್ನು ತಿರುಗಿಸಿ ಬ್ರೇಕನ್ನು ಬಲವಾಗಿ ಹಿಡಿದು, ಹಿಡಿದಿರುವಂತೆಯೇ ನಟ್ಟನ್ನು ಬಿಗಿಯುತ್ತಾರೆ. ಇದರಿಂದ ಶೂಗಳು ಡ್ರಮ್ಮಿನ ನಟ್ಟನಡುವೆ ಸಮವಾಗಿ ನೆಲೆಗೊಳ್ಳುತ್ತವೆ.

ಇನ್ನೊಂದು ಅಂಗವನ್ನು ಎಷ್ಟು ಎಚ್ಚರಿಕೆಯಿಂದ ನೋಡಿದರೂ ಸಾಲದು. ಬ್ರೇಕು ಹಿಡಿದಾಗ ಡ್ರಮ್ಮು ಶೂಗಳನ್ನೂ ಪ್ಲೇಟನ್ನೂ ತನ್ನೊಡನೆ ತಿರುಗಿಸಲು ಎಳೆಯುತ್ತದೆ. ಹಾಗೆ ತಿರುಗದಂತೆ ಪ್ಲೇಟನ್ನು ತಡೆದು ನಿಲ್ಲಿಸಲು ಗಾಡಿಗೆ ತಕ್ಕಂತೆ ಒಂದು ಕಟ್ಟುಸರಳೋ, ಫೋರ್ಕಿನ ಗೂಟಕ್ಕೆ ಸಿಕ್ಕುವ ಕಚ್ಚೋ ಇರುತ್ತದೆ. ಬಂಡಿಗೆ ಕಡಾಣಿ ಹೇಗೋ ಬ್ರೇಕಿಗೆ ಇದು ಹಾಗೆ. ಆ ಸರಳಿನ ನಟ್ಟು ಬಿದ್ದುಹೋದರೆ, ಅಥವಾ ಕಚ್ಚು ಗೂಟದಲ್ಲಿ ಕೂರದಿದ್ದರೆ, ಮೊದಲ ಸಲ ಬಲವಾಗಿ ಬ್ರೇಕು ಹಿಡಿದಾಗಲೇ ಪ್ಲೇಟು ಸುತ್ತಿ, ಕೇಬಲು ಹರಿದು, ಚಕ್ರವು ಸಿಕ್ಕಿಹಾಕಿಕೊಳ್ಳುತ್ತದೆ. ನಟ್ಟನ್ನು ಬಿಗಿದು ಹೊಸ ಪಿನ್ನನ್ನು ತೂರಿಸಿ ಅದರ ಕಾಲುಗಳನ್ನು ಅಗಲಿಸಿದ ಹೊರತು ಗಾಡಿಯನ್ನು ರಸ್ತೆಗೆ ಇಳಿಸಕೂಡದು. ಹಳೆಯ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವುದು ಕಾಸಿನ ಆಸೆಗೆ ಕೊರಳನ್ನು ಒಡ್ಡಿದಂತೆ.

ಹದಗೊಳಿಸುವಿಕೆ

ಈಗ ಹೊಂದಿಸುವ ನಟ್ಟಿನ ಸರದಿ. ಎತ್ತಿದ ಚಕ್ರವು ಸರಾಗವಾಗಿ ತಿರುಗಬೇಕು; ಹಿಡಿಯು ಸ್ವಲ್ಪ ಸರಿದ ಮೇಲೆ ತಡೆ ತೊಡಗಬೇಕು; ಪೂರ್ತಿ ಅದುಮಿದರೂ ಅದು ಹ್ಯಾಂಡಲಿಗೆ ತಾಗಬಾರದು. ಸದಾ ಉಜ್ಜುವಷ್ಟು ಬಿಗಿಯಾದರೆ ಡ್ರಮ್ಮು ಕಾಯುತ್ತದೆ, ಪೆಟ್ರೋಲು ವ್ಯರ್ಥವಾಗುತ್ತದೆ. ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿದಾಗ ಕೇಬಲು ತಾನಾಗಿ ಎಳೆಯಲ್ಪಡುವುದೇ ಎಂಬುದನ್ನೂ, ಹಿಂದಿನ ಬ್ರೇಕಿನ ದೀಪ ಹೊತ್ತುವುದೇ ಎಂಬುದನ್ನೂ ನೋಡಬೇಕು.

ಹೊಸ ಲೈನಿಂಗು ಮೊದಲ ದಿನವೇ ಪೂರ್ಣ ಹಿಡಿತವನ್ನು ಕೊಡದು. ಜನಸಂಚಾರವಿಲ್ಲದ ರಸ್ತೆಯಲ್ಲಿ ಮೊದಲು ನಡಿಗೆಯ ವೇಗದಲ್ಲಿ, ಬಳಿಕ ಸ್ವಲ್ಪ ಹೆಚ್ಚಿನ ವೇಗದಲ್ಲಿ ಮತ್ತೆಮತ್ತೆ ಮೆಲ್ಲನೆ ನಿಲ್ಲಿಸಿ, ನಡುನಡುವೆ ಆರಲು ಬಿಟ್ಟು ಅದನ್ನು ಪಳಗಿಸಬೇಕು. ಲೈನಿಂಗು ಡ್ರಮ್ಮಿಗೆ ಹೊಂದಿಕೊಂಡ ಮೇಲೆ ನಟ್ಟನ್ನು ಮತ್ತೊಮ್ಮೆ ಸರಿಪಡಿಸಬೇಕು. ಆ ತನಕ ಹಿಂದೆ ಯಾರನ್ನೂ ಕೂರಿಸಿಕೊಳ್ಳದಿರುವುದು ಲೇಸು.

ಸವಾರನ ರೂಢಿಯೂ ಬ್ರೇಕಿನ ಒಂದು ಅಂಗವೇ. ಬ್ರೇಕು ಹಿಡಿದಾಗ ಭಾರವು ಮುಂದಿನ ಚಕ್ರದ ಕಡೆಗೆ ವಾಲುವುದರಿಂದ ನಿಲ್ಲಿಸುವ ಸಾಮರ್ಥ್ಯದ ಹೆಚ್ಚಿನ ಪಾಲು ಮುಂದಿನ ಬ್ರೇಕಿನದೇ. ಅದನ್ನು ಹಿಡಿದರೆ ಮಗುಚುವುದೆಂಬ ಭಯದಿಂದ ಹಲವರು ಹಿಂದಿನದನ್ನೇ ತುಳಿಯುತ್ತಾರೆ; ಮುಂದಿನ ಕೇಬಲು ತುಕ್ಕು ಹಿಡಿದು ನಿಂತಿದ್ದರೂ ಅವರಿಗೆ ತಿಳಿಯದು. ಎರಡನ್ನೂ ಒಟ್ಟಿಗೆ, ಮೆಲ್ಲನೆ ಆರಂಭಿಸಿ ಬಲವನ್ನು ಏರಿಸುತ್ತ ಹಿಡಿಯುವುದು ಸರಿಯಾದ ಕ್ರಮ. ಇಳಿಜಾರಿನಲ್ಲಿ ಎಂಜಿನ್ನನ್ನು ಬಂದ್ ಮಾಡದೆ ಕೆಳಗಿನ ಗೇರಿನಲ್ಲಿಯೇ ಇಳಿಯಬೇಕು. ಮಳೆಗಾಲದಲ್ಲಿ ಹಳ್ಳದ ನೀರನ್ನು ದಾಟಿದ ಮೇಲೆ ಬ್ರೇಕನ್ನು ಹಗುರವಾಗಿ ಹಿಡಿದು ಸ್ವಲ್ಪ ದೂರ ಸಾಗಿದರೆ ಲೈನಿಂಗು ಒಣಗಿ ಹಿಡಿತವು ಮರಳುತ್ತದೆ.

ಮೋಟಾರು ವಾಹನಗಳ ಅಧಿನಿಯಮ, ೧೯೮೮ರ ಪ್ರಕಾರ ಖಾಸಗಿ ವಾಹನದ ನೋಂದಣಿಯು ೧೫ ವರ್ಷಗಳವರೆಗೆ ಊರ್ಜಿತದಲ್ಲಿರುತ್ತದೆ. ಬಳಿಕ ವಾಹನವನ್ನು ತಪಾಸಣೆಗೆ ಒಪ್ಪಿಸಿ ೫ ವರ್ಷಗಳಿಗೊಮ್ಮೆ ನವೀಕರಿಸಿಕೊಳ್ಳಬೇಕು. ಆದರೆ ಐದು ವರ್ಷಗಳಿಗೊಮ್ಮೆ ಅಧಿಕಾರಿಯು ನೋಡುವ ಬ್ರೇಕನ್ನು ಪ್ರತಿದಿನ ನಂಬುವವನು ಸವಾರನು. ಎರಡು ಶೂಗಳು, ಒಂದು ಕೇಬಲು, ಎರಡು ಸ್ಪ್ರಿಂಗುಗಳು, ಒಂದು ಪಿನ್ನು, ಅರ್ಧ ದಿನದ ಶ್ರಮ: ಇಷ್ಟರಿಂದ ಮುಗಿಯುವ ಕಾರ್ಯವನ್ನು ನಟ್ಟಿನ ಎರಡು ಸುತ್ತುಗಳಿಂದ ಮುಂದೂಡುವುದು ಜಾಣತನವಲ್ಲ. ಕೈಗೆಟುಕುವ ನಟ್ಟನ್ನು ಬಿಗಿಯುವ ಮುನ್ನ ಕಣ್ಣಿಗೆ ಕಾಣದ ಒಳಗನ್ನು ಒಮ್ಮೆ ತೆರೆದು ನೋಡುವವನೇ ತನ್ನ ಬೆನ್ನ ಹಿಂದೆ ಕುಳಿತವರನ್ನು ನೆಮ್ಮದಿಯಿಂದ ಮನೆಗೆ ಮುಟ್ಟಿಸುವವನು.